ಅಮೆರಿಕದಲ್ಲಿ ಪೊಲೀಸರು ಹಕ್ಕು ಉಲ್ಲಂಘಿಸಿದರೂ ಅವರ ಮೇಲಿನ ಪರಿಹಾರ ದಾವೆಗಳು ಏಕೆ ಬಿದ್ದುಹೋಗುತ್ತವೆ?

ರಾಜ್ಯ ಅಥವಾ ಸ್ಥಳೀಯ ಅಧಿಕಾರಿಯೊಬ್ಬರು ಸಂವಿಧಾನದತ್ತ ಹಕ್ಕನ್ನು ಉಲ್ಲಂಘಿಸಿದರೆ ಅವರ ಮೇಲೆಯೇ ಪರಿಹಾರ ದಾವೆ ಹೂಡಲು 1871ರ ಕಾಯ್ದೆ ಅವಕಾಶ ಕೊಡುತ್ತದೆ. ಅದಕ್ಕೆ ಅಡ್ಡ ಬರುವುದು ‘ಕ್ವಾಲಿಫೈಡ್ ಇಮ್ಯುನಿಟಿ’ ಎಂಬ ರಕ್ಷಣೆ. ಇದು ಕಾಯ್ದೆಯ ಪಠ್ಯದಲ್ಲಿಲ್ಲ, ಸುಪ್ರೀಂ ಕೋರ್ಟ್ ತಾನೇ ರೂಪಿಸಿದ್ದು. 1982ರ ಹಾರ್ಲೊ ತೀರ್ಪಿನ ನಂತರ, ಆ ಕೃತ್ಯ ಕಾನೂನುಬಾಹಿರವೆಂಬುದು ಆಗಲೇ ‘ಸ್ಪಷ್ಟವಾಗಿ ಸ್ಥಾಪಿತ’ವಾಗಿತ್ತೆಂದು ದಾವೆದಾರರು ತೋರಿಸಬೇಕು, ಅದಕ್ಕೆ ಬಹುಮಟ್ಟಿಗೆ ಅದೇ ಬಗೆಯ ಹಳೆಯ ತೀರ್ಪೊಂದು ಬೇಕಾಗುತ್ತದೆ. ಫ್ರೆಸ್ನೊ ನಗರದಲ್ಲಿ ವಾರಂಟ್ ಹಿಡಿದು ಶೋಧಕ್ಕೆ ಬಂದ ಪೊಲೀಸರು ಸುಮಾರು 2,25,000 ಡಾಲರ್ ಮೌಲ್ಯದ ನಗದು ಮತ್ತು ನಾಣ್ಯ ಕದ್ದರೆಂಬ ದಾವೆ 2019ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋದದ್ದು, ಅಂಥ ಕಳವು ಅನುಚಿತ ಶೋಧ ಮತ್ತು ಜಪ್ತಿಯನ್ನು ತಡೆಯುವ ಸಂವಿಧಾನದ 4ನೇ ತಿದ್ದುಪಡಿಯ ಉಲ್ಲಂಘನೆಯೆಂದು ಅದುವರೆಗೆ ಸ್ಪಷ್ಟವಾಗಿ ಇತ್ಯರ್ಥವಾಗಿರಲಿಲ್ಲ ಎಂಬ ಕಾರಣಕ್ಕೆ. ಕಳವು ತಪ್ಪೆಂದು ಪೊಲೀಸರಿಗೆ ತಿಳಿಯಲು ಪೂರ್ವನಿದರ್ಶನ ಬೇಕೆಂಬ ಈ ತರ್ಕವನ್ನು ನಾನಂತೂ ಒಪ್ಪಲಾರೆ. ರಾಜ್ಯ ಸಂವಿಧಾನದ ಆಧಾರದ ಮೇಲೆ ಪೊಲೀಸರ ವಿರುದ್ಧ ಹೂಡುವ ದಾವೆಗಳಲ್ಲಿ ಈ ರಕ್ಷಣೆ ನಡೆಯದಂತೆ ಕೊಲೊರಾಡೊ ರಾಜ್ಯ 2020ರಲ್ಲಿ ಕಾನೂನು ಮಾಡಿತು.