ಪ್ರತಿಕ್ರಿಯೆ: ಕಿಲ್ಕೆನಿ ಇಂಟರ್‌ಮೀಡಿಯೆಟ್ ಗೆದ್ದರೆ ಏನು ಸಿಗುತ್ತದೆ?

ಐರ್ಲೆಂಡಿನ ಕಿಲ್ಕೆನಿ ಕೌಂಟಿಯಲ್ಲಿ ಇಂಟರ್‌ಮೀಡಿಯೆಟ್ ಹರ್ಲಿಂಗ್ (ಕೋಲು-ಚೆಂಡಿನ ಐರಿಶ್ ಆಟ; ಇಂಟರ್‌ಮೀಡಿಯೆಟ್ ಅಂದರೆ ಸೀನಿಯರ್‌ಗಿಂತ ಕೆಳಗಿನ ದರ್ಜೆ) ಗೆದ್ದ ಕ್ಲಬ್ಬಿಗೆ ಕಪ್ ಬಿಟ್ಟು ಬೇರೇನು ಸಿಗುತ್ತದೆ ಅಂತ ಕೇಳಿದ್ದೀರಿ. ದುಡ್ಡಂತೂ ಇಲ್ಲ, ಆಡುವವರೆಲ್ಲ ಹವ್ಯಾಸಿಗಳು. ಸಿಗುವುದು ಬಡ್ತಿ: ಮುಂದಿನ ವರ್ಷ ಸೀನಿಯರ್ ದರ್ಜೆ. ಅಲ್ಲಿ ಸೋತು ಕೊನೆಗೆ ಉಳಿದವರು ಕೆಳಗಿಳಿಯುತ್ತಾರೆ.

ಆದರೆ ನಿಜವಾದ ಮಜಾ ಇರೋದು ಕೌಂಟಿ ಫೈನಲ್ ಮುಗಿದ ಮೇಲೆ. ಗೆದ್ದವರು ಲೆನ್‌ಸ್ಟರ್ ಪ್ರಾಂತ್ಯದ ಟೂರ್ನಿಗೆ ಹೋಗುತ್ತಾರೆ. ಅಲ್ಲೂ ಗೆದ್ದರೆ ಅಖಿಲ ಐರ್ಲೆಂಡ್ ಹಂತ. ಕಿಲ್ಕೆನಿಯ ಥಾಮಸ್‌ಟೌನ್ ಕ್ಲಬ್ 2023ರಲ್ಲಿ ಕೌಂಟಿ ಗೆದ್ದಿತು, 2024ರ ಜನವರಿಯಲ್ಲಿ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಅಖಿಲ ಐರ್ಲೆಂಡ್ ಕಪ್ಪನ್ನೂ ಎತ್ತಿತು. 2020ರಲ್ಲಿ ಟಲ್ಲರೋನ್ ಕೂಡ ಹೀಗೇ. ಒಂದು ಸಣ್ಣ ಊರಿನ ಹುಡುಗರು, 80 ಸಾವಿರಕ್ಕೂ ಜಾಸ್ತಿ ಜನ ಹಿಡಿಯುವ ಮೈದಾನ! ಕ್ಲಬ್ ಫೈನಲ್ಲಿಗೆ ಅದು ತುಂಬುವುದಿಲ್ಲ, ಆ ಮಾತು ಬೇರೆ.