ಇಂಪ್ರೆಷನಿಸಂ ಅಂದರೆ ಮಸುಕು ಚಿತ್ರವಾ? ಸಂಗೀತಕ್ಕೂ ಅದೇ ಹೆಸರು ಯಾಕೆ?

ನಿಮ್ಮ ಪ್ರಶ್ನೆ ಇದು: ಫ್ರೆಂಚ್ ಚಿತ್ರಕಾರ ಮೋನೆಯ ಚಿತ್ರಗಳು ಅರ್ಧಕ್ಕೆ ಬಿಟ್ಟ ಹಾಗೆ ಮಸುಕಾಗಿ ಕಾಣುತ್ತವೆ, ಅದೇ ದೇಶದ ಸಂಗೀತ ರಚನೆಕಾರ ಡೆಬ್ಯುಸಿಯ ಸಂಗೀತ ಎಲ್ಲಿಗೆ ಹೊರಟಿದೆ ಅಂತಲೇ ತಿಳಿಯುವುದಿಲ್ಲ, ಎರಡಕ್ಕೂ ಇಂಪ್ರೆಷನಿಸಂ ಅಂತಾರೆ, ಇಷ್ಟೊಂದು ಹೊಗಳುವಂಥದ್ದು ಅದರಲ್ಲಿ ಏನಿದೆ?

ನಾನು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವವನು. ನನಗೂ ಬಹಳ ದಿನ ಇವು ಮಸುಕಾಗಿಯೇ ಕಂಡಿದ್ದವು. ಆ ಅಭಿಪ್ರಾಯ ಬದಲಾದದ್ದು ಪುಸ್ತಕ ಓದಿ ಅಲ್ಲ, ಒಂದು ಬಣವೆಯ ಎದುರು ಕೂತಾಗ. ಅದನ್ನೇ ಮೊದಲು ಹೇಳುತ್ತೇನೆ.

ಒಂದು ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಬೆಳಗ್ಗೆ ಏಳೂವರೆಗೆ ಕಣದ ಪಕ್ಕದ ಹುಲ್ಲಿನ ಬಣವೆ ಬರೆಯೋಣ ಅಂತ ಬಣ್ಣದ ಡಬ್ಬಿ ಬಿಚ್ಚಿಕೊಂಡು ಕೂತೆ. ಬಣವೆಗೆ ಹಳದಿ, ನೆರಳಿಗೆ ಕಪ್ಪು ಬೆರೆಸಿದ ಕಂದು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ನೆರಳಿಗೆ ಕಂದು ಹಚ್ಚಿದೆ. ಸುಳ್ಳಾಗಿ ಕಂಡಿತು. ಮತ್ತೆ ತಲೆ ಎತ್ತಿ ನೋಡಿದರೆ ನೆಲದ ಮೇಲೆ ಬಿದ್ದ ನೆರಳು ನೀಲಿಯಾಗಿತ್ತು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿ ನೀಲಿ. ಬಿಸಿಲನ್ನು ಬಣವೆ ತಡೆದಿತ್ತು, ಆದರೆ ಆಕಾಶದ ಬೆಳಕು ಆ ಜಾಗಕ್ಕೆ ಬೀಳುತ್ತಲೇ ಇತ್ತು. ಸರಿ, ನೀಲಿ ಹಚ್ಚಿದೆ. ಅಷ್ಟರಲ್ಲಿ ಒಂಬತ್ತು ಗಂಟೆ. ನೆರಳು ಅರ್ಧಕ್ಕೆ ಇಳಿದಿತ್ತು, ಬಣವೆಯ ತುದಿಯ ಕೆಂಪು ಹೋಗಿ ಬಿಳಚಿಕೊಂಡಿತ್ತು. ನನ್ನ ಹಾಳೆಯ ಮೇಲಿದ್ದ ಬಣವೆ ಆಗ ಎಲ್ಲೂ ಇರಲಿಲ್ಲ.

ಕ್ಲೋದ್ ಮೋನೆಗೆ ಆದದ್ದೂ ಇದೇ. 1890ರ ಸುಮಾರಿಗೆ ಫ್ರಾನ್ಸಿನ ಜಿವರ್ನಿ ಎಂಬ ಹಳ್ಳಿಯಲ್ಲಿ, ತನ್ನ ಮನೆಯ ಹತ್ತಿರದ ಹೊಲದಲ್ಲಿದ್ದ ರಾಶಿಗಳನ್ನು ಬರೆಯುತ್ತಿದ್ದ. ಸರಿಯಾಗಿ ಹೇಳಬೇಕೆಂದರೆ ಅವು ಹುಲ್ಲಿನ ಬಣವೆ ಅಲ್ಲ, ಇನ್ನೂ ಬಡಿಯದ ಗೋಧಿಯ ಮೆದೆಗಳು. ಬೆಳಕು ಬದಲಾಯಿತು. ಮಲಮಗಳು ಬ್ಲಾಂಷಳನ್ನು ಕರೆದು ಮನೆಯಿಂದ ಇನ್ನೊಂದು ಕ್ಯಾನ್ವಾಸ್ ತಾ ಅಂದ. ಸ್ವಲ್ಪ ಹೊತ್ತಿಗೆ ಮತ್ತೊಂದು. ಹೀಗೆ ಒಂದೊಂದು ಬೆಳಕಿಗೆ ಒಂದೊಂದು ಕ್ಯಾನ್ವಾಸ್. ಬೆಳಕು ಸರಿದ ಹಾಗೆ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದು, ಮಾರನೇ ದಿನ ಅದೇ ಹೊತ್ತಿಗೆ ಬಂದು ಬಿಟ್ಟಲ್ಲಿಂದ ಮುಂದುವರಿಸುವುದು. ಸುಮಾರು 25 ಚಿತ್ರಗಳಾದವು. ಮಂಜು ಬಿದ್ದ ಮೆದೆ, ಸಂಜೆಯ ಮೆದೆ, ಹಿಮ ಕರಗುವಾಗಿನ ಮೆದೆ. 1891ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಅವುಗಳಲ್ಲಿ 15ನ್ನು ಒಟ್ಟಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಎಲ್ಲ ಮಾರಾಟವಾದವು.

ಅದೇ ವರ್ಷ ನದಿ ದಡದ ಪಾಪ್ಲರ್ ಮರಗಳನ್ನು ಬರೆಯಲು ಶುರು ಮಾಡಿದ. ಪಕ್ಕದ ಊರಿನವರು ಆ ಮರಗಳನ್ನು ಹರಾಜಿಗೆ ಹಾಕಿದ್ದರು. ಮೋನೆ ಮರದ ವ್ಯಾಪಾರಿಗೆ ಕೈಯಿಂದ ದುಡ್ಡು ಕೊಟ್ಟು, ನನ್ನ ಚಿತ್ರ ಮುಗಿಯುವ ತನಕ ಕಡಿಯಬೇಡ ಅಂತ ಒಪ್ಪಿಸಿದ. ಜಿವರ್ನಿಯಲ್ಲಿ ಅವನ ನೆರೆಯಲ್ಲಿದ್ದ ಅಮೆರಿಕದ ಚಿತ್ರಗಾರ್ತಿ ಲಿಲ್ಲಾ ಕ್ಯಾಬಟ್ ಪೆರಿ ಆ ಮರಗಳ ಬಗ್ಗೆ ಒಂದು ಮಾತು ಬರೆದಿಟ್ಟಿದ್ದಾಳೆ. ಒಂದು ಚಿತ್ರದ ಬೆಳಕು ಇರುತ್ತಿದ್ದದ್ದು ಬರೀ ಏಳು ನಿಮಿಷವಂತೆ. ಬಿಸಿಲು ಯಾವುದೋ ಒಂದು ಎಲೆಯನ್ನು ಬಿಟ್ಟು ಸರಿದರೆ ಆ ದಿನದ ಕೆಲಸ ಮುಗಿಯಿತು.

ಏಳು ನಿಮಿಷದ ಬೆಳಕಿಗೆ ಇಷ್ಟು ಕಷ್ಟಪಡುವ ಮನುಷ್ಯನನ್ನು ಮಸುಕಾಗಿ ಬರೆಯುವವನು ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ಅವನು ಬಿಟ್ಟದ್ದು ಗೆರೆಯನ್ನು. ಹಿಡಿದದ್ದು ಆ ಹೊತ್ತಿನ ಬೆಳಕನ್ನು, ಅದೂ ತುಂಬಾ ಕಟ್ಟುನಿಟ್ಟಾಗಿ. ನಾವು ನೋಡುವಾಗ ಗೆರೆ ಹುಡುಕುತ್ತೇವೆ, ಸಿಗುವುದಿಲ್ಲ, ಅದಕ್ಕೇ ಮಸುಕು ಅನ್ನುತ್ತೇವೆ.

ಹೆಸರಿನ ಕಥೆ ನಿಮಗೆ ಗೊತ್ತಿರಬಹುದು, ಬೇಗ ಹೇಳಿಬಿಡುತ್ತೇನೆ. ಆಗ ಪ್ಯಾರಿಸ್‌ನಲ್ಲಿ ಹೆಸರು ಮಾಡಬೇಕಿದ್ದರೆ ಸಲೊನ್ ಎಂಬ ಅಧಿಕೃತ ಪ್ರದರ್ಶನದಲ್ಲಿ ಚಿತ್ರ ತೂಗಬೇಕಿತ್ತು. ಅಲ್ಲಿಯ ತೀರ್ಪುಗಾರರಿಗೆ ನುಣ್ಣಗೆ ಮುಗಿಸಿದ ಚಿತ್ರಗಳೇ ಬೇಕು. ಬೇಸತ್ತ ಸುಮಾರು 30 ಕಲಾವಿದರು 1874ರ ಏಪ್ರಿಲ್ 15ರಂದು ತಮ್ಮದೇ ಪ್ರದರ್ಶನ ತೆರೆದರು, ನಾದಾರ್ ಎಂಬ ಫೋಟೋಗ್ರಾಫರ್‌ನ ಹಳೆಯ ಸ್ಟುಡಿಯೋದಲ್ಲಿ. ಮೋನೆ, ರೆನ್ವಾರ್, ಪಿಸ್ಸಾರೊ, ದೆಗಾ, ಬೆರ್ತ್ ಮೊರಿಸೊ, ಸೆಜಾನ್ ಎಲ್ಲ ಇದ್ದರು. ಅಲ್ಲಿ ಲೆ ಹಾವ್ರ್ ಬಂದರಿನ ಮುಂಜಾವಿನ ಮೋನೆಯ ಒಂದು ಚಿತ್ರ ಇತ್ತು, ಹೆಸರು 'ಇಂಪ್ರೆಷನ್, ಸೂರ್ಯೋದಯ'. ಇಂಪ್ರೆಷನ್ ಅಂದರೆ ನೋಡಿದ ಕ್ಷಣದಲ್ಲಿ ಮನಸ್ಸಿಗೆ ಆದ ಅನಿಸಿಕೆ. ಲೂಯಿ ಲೆರ್ವಾ ಎಂಬ ಪತ್ರಕರ್ತ ಆ ಹೆಸರನ್ನೇ ಹಿಡಿದು ಎಲ್ಲರನ್ನೂ ಇಂಪ್ರೆಷನಿಸ್ಟರು ಅಂತ ಗೇಲಿ ಮಾಡಿದ. ಗೋಡೆಗೆ ಅಂಟಿಸುವ ಕಾಗದ ಕೂಡ ಇದಕ್ಕಿಂತ ಪೂರ್ತಿಯಾಗಿರುತ್ತದೆ ಅಂತ ಬರೆದ. ಗೇಲಿಯ ಹೆಸರೇ ಉಳಿದುಕೊಂಡಿತು. 1886ರವರೆಗೆ ಒಟ್ಟು ಎಂಟು ಪ್ರದರ್ಶನಗಳಾದವು.

ಆ ಸೂರ್ಯೋದಯದ ಚಿತ್ರವನ್ನು ಒಮ್ಮೆ ನಿಮ್ಮ ಫೋನ್‌ನಲ್ಲಿ ತೆಗೆಯಿರಿ. ಬೂದು ನೀಲಿ ಮಂಜು, ಎರಡು ಮೂರು ದೋಣಿ, ಮೇಲೆ ಕಿತ್ತಳೆ ಬಣ್ಣದ ಪುಟ್ಟ ಸೂರ್ಯ. ಸ್ವಲ್ಪ ಹೊತ್ತು ನೋಡಿ. ಸೂರ್ಯ ಮಿಡಿಯುತ್ತಿರುವ ಹಾಗೆ ಅನ್ನಿಸುತ್ತದೆ. ಈಗ ಎಡಿಟ್‌ಗೆ ಹೋಗಿ ಅದನ್ನು ಕಪ್ಪು ಬಿಳುಪು ಮಾಡಿ. ಸೂರ್ಯ ಹೆಚ್ಚು ಕಡಿಮೆ ಮಾಯ! ಕಿತ್ತಳೆಗೂ ಸುತ್ತಲಿನ ಬೂದು ನೀಲಿಗೂ ಬಣ್ಣ ಬೇರೆ, ಆದರೆ ಹೊಳಪು ಒಂದೇ. ಮಾರ್ಗರೆಟ್ ಲಿವಿಂಗ್‌ಸ್ಟನ್ ಎಂಬ ನರವಿಜ್ಞಾನಿ ಇದನ್ನು ವಿವರಿಸಿದ್ದಾರೆ. ವಸ್ತು ಎಲ್ಲಿದೆ, ಅಲುಗಾಡುತ್ತಿದೆಯಾ ಅಂತ ನೋಡುವ ಮೆದುಳಿನ ಭಾಗಕ್ಕೆ ಬಣ್ಣ ತಿಳಿಯುವುದಿಲ್ಲ, ಹೊಳಪಿನ ವ್ಯತ್ಯಾಸ ಮಾತ್ರ ತಿಳಿಯುತ್ತದೆ. ಹಾಗಾಗಿ ಅದಕ್ಕೆ ಈ ಸೂರ್ಯ ಸಿಗುವುದೇ ಇಲ್ಲ. ಬಣ್ಣ ನೋಡುವ ಭಾಗಕ್ಕೆ ಸಿಗುತ್ತದೆ. ಆ ಎಳೆದಾಟದಿಂದಲೇ ಸೂರ್ಯ ನಡುಗುವ ಹಾಗೆ ಕಾಣುವುದು. ನನ್ನ ತರಗತಿಯಲ್ಲಿ ಇದನ್ನು ತೋರಿಸಿದಾಗಲೆಲ್ಲ ಮಕ್ಕಳು ಫೋನ್ ಕಿತ್ತುಕೊಂಡು ತಾವೇ ಮಾಡಿ ನೋಡುತ್ತಾರೆ.

ಇದೆಲ್ಲ ಆಗಲೇ ಸಾಧ್ಯವಾಗಲು ಸಾಮಾನಿನ ಕಾರಣವೂ ಇತ್ತು. ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಹೊತ್ತುಕೊಂಡು ತಿರುಗುವುದು ಕಷ್ಟ. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ಹಿಂಡುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಟ್ಯೂಬು ಬಂತು, ರೈಲು ಬಂತು, ಕಾರ್ಖಾನೆಯ ಹೊಸ ಗಾಢ ಬಣ್ಣಗಳು ಬಂದವು. ಚಿತ್ರಕಾರ ಬೆಳಗ್ಗೆ ರೈಲು ಹತ್ತಿ ಹೊಳೆದಂಡೆಗೆ ಹೋಗಿ ಅಲ್ಲೇ ಚಿತ್ರ ಶುರು ಮಾಡಬಹುದಾಯಿತು.

ಚಿತ್ರಕಲೆಯ ಮೇಲೆ ಆದ ಪ್ರಭಾವಕ್ಕೆ ಎರಡೇ ಉದಾಹರಣೆ ಸಾಕು. ವ್ಯಾನ್ ಗೋ 1885ರಲ್ಲಿ ಬರೆದ ಆಲೂಗಡ್ಡೆ ತಿನ್ನುವವರ ಚಿತ್ರ ನೋಡಿ, ಪೂರ್ತಿ ಮಣ್ಣು ಬಣ್ಣ. 1886ರಲ್ಲಿ ಪ್ಯಾರಿಸ್‌ಗೆ ಬಂದು ಈ ಇಂಪ್ರೆಷನಿಸ್ಟರ ಚಿತ್ರಗಳನ್ನು ನೋಡಿದ. 1887ರ ಅವನ ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಯಾರೋ ಕಿಟಕಿ ತೆಗೆದ ಹಾಗಿದೆ. ಇನ್ನೊಬ್ಬ, ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿ. ಮಾಸ್ಕೋದ ಪ್ರದರ್ಶನದಲ್ಲಿ ಮೋನೆಯ ಒಂದು ಮೆದೆಯ ಚಿತ್ರದ ಮುಂದೆ ನಿಂತ. ಏನು ಅಂತ ತಿಳಿಯಲಿಲ್ಲ, ಕ್ಯಾಟಲಾಗ್ ನೋಡಿದ ಮೇಲೇ ಅದು ಮೆದೆ ಅಂತ ಗೊತ್ತಾದದ್ದು. ಆದರೆ ಚಿತ್ರ ಮನಸ್ಸು ಬಿಟ್ಟು ಹೋಗಲಿಲ್ಲ. ವಸ್ತು ಇಲ್ಲದೆಯೂ ಚಿತ್ರ ನಿಲ್ಲಬಹುದಾ ಎಂಬ ಪ್ರಶ್ನೆ ಅಲ್ಲಿಂದ ಅವನನ್ನು ಹಿಡಿಯಿತು. ಮುಂದೆ ಅಮೂರ್ತ ಚಿತ್ರಕಲೆಗೆ ದಾರಿ ಹಾಕಿದವರಲ್ಲಿ ಅವನೇ ದೊಡ್ಡವನು. (ನಮ್ಮಲ್ಲಿ ಬಯಲಿನ ಬಣ್ಣದ ರುಚಿ ನೋಡಬೇಕಿದ್ದರೆ ರುಮಾಲೆ ಚನ್ನಬಸವಯ್ಯನವರ ಚಿತ್ರಗಳನ್ನು ನೋಡಿ. ಬೆಂಗಳೂರಿನ ಹೂಮರಗಳನ್ನು ಅವರಷ್ಟು ಪ್ರೀತಿಯಿಂದ ಬರೆದವರು ಕಡಿಮೆ.)

ಈಗ ಸಂಗೀತಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕ್ಲೋದ್ ಡೆಬ್ಯುಸಿಗೆ ಈ ಹೆಸರು ಬೇಡವಾಗಿತ್ತು. 1887ರಲ್ಲಿ ಅವನ ಒಂದು ಕೃತಿಯನ್ನು ಪರಿಶೀಲಿಸಿದ ಅಕಾಡೆಮಿಯ ಹಿರಿಯರು, ಅಸ್ಪಷ್ಟವಾದ ಇಂಪ್ರೆಷನಿಸಂ ಬಗ್ಗೆ ಹುಷಾರಾಗಿರು ಅಂತ ಎಚ್ಚರಿಸಿದ್ದರು. 1908ರ ಒಂದು ಪತ್ರದಲ್ಲಿ ಅವನು ಆ ಪದ ಬಳಸುವವರನ್ನು ಮೂರ್ಖರು ಅಂತಲೇ ಕರೆದಿದ್ದಾನೆ. ಅವನ ಒಡನಾಟ ಜಾಸ್ತಿ ಇದ್ದದ್ದು ಕವಿಗಳ ಜೊತೆ, ಮಲಾರ್ಮೆಯಂಥವರ ಜೊತೆ. ಕೆಲಸದ ರೀತಿಯೂ ಬೇರೆ. ಮೋನೆಗೆ ವಸ್ತು ಕಣ್ಣೆದುರೇ ಇರಬೇಕು. ಡೆಬ್ಯುಸಿ 'ಸಮುದ್ರ' ಎಂಬ ದೊಡ್ಡ ಕೃತಿಯನ್ನು ಶುರು ಮಾಡಿದ್ದು ಕಡಲಿನಿಂದ ದೂರದ ಬರ್ಗಂಡಿಯಲ್ಲಿ, ನೆನಪಿನ ಬಲದಿಂದ. 1905ರಲ್ಲಿ ಅದು ಅಚ್ಚಾದಾಗ ಮುಖಪುಟಕ್ಕೆ ಹಾಕಿಸಿದ್ದು ಫ್ರೆಂಚ್ ಚಿತ್ರವನ್ನಲ್ಲ, ಜಪಾನಿನ ಹೊಕುಸಾಯ್‌ನ ದೊಡ್ಡ ಅಲೆಯನ್ನು.

ಹಾಗಾದರೆ ಹೋಲಿಕೆ ಸುಮ್ನೆ ಕಟ್ಟಿದ್ದಾ? ಅಲ್ಲ ಅಂತ ನನ್ನ ನಂಬಿಕೆ. ಕಾರಣ, ಆ ಮೆದೆಯನ್ನು ನಾನು ಅವನ ಸಂಗೀತದಲ್ಲೂ ಕೇಳಿದ್ದೇನೆ.

1894ರ ಡಿಸೆಂಬರ್ 22ರಂದು ಪ್ಯಾರಿಸ್‌ನಲ್ಲಿ ಮೊದಲ ಸಲ ನುಡಿಸಿದ 'ಫಾನ್‌ನ ಮಧ್ಯಾಹ್ನಕ್ಕೆ ಪೀಠಿಕೆ' ಕೇಳಿ. ಮಲಾರ್ಮೆಯ ಕವಿತೆ ಅದರ ಮೂಲ. ಸುಮಾರು ಹತ್ತು ನಿಮಿಷ. ಫಾನ್ ಅಂದರೆ ಅರ್ಧ ಮನುಷ್ಯ, ಅರ್ಧ ಮೇಕೆ, ಕಾಡಿನಲ್ಲಿ ಮಧ್ಯಾಹ್ನದ ತೂಕಡಿಕೆಯಲ್ಲಿರುವವನು. ಶುರುವಿನಲ್ಲಿ ಒಂದೇ ಒಂದು ಕೊಳಲು. ಜೊತೆಗೆ ಯಾವ ವಾದ್ಯವೂ ಇಲ್ಲ. ಒಂದು ಸ್ವರವನ್ನು ಹಿಡಿದು, ಜಾರಿಕೊಂಡು ಕೆಳಗಿಳಿದು, ಮತ್ತೆ ಮೇಲೆ ಬರುತ್ತದೆ. ನಮ್ಮ ಲೆಕ್ಕದಲ್ಲಿ ಷಡ್ಜದಿಂದ ಮಂದ್ರದ ಪ್ರತಿಮಧ್ಯಮದವರೆಗೆ. ಪಂಚಮದಲ್ಲಿ ನಿಲ್ಲದೆ ಅದನ್ನು ದಾಟಿ ಇನ್ನೂ ಅರ್ಧ ಸ್ವರ ಕೆಳಗೆ. ಆಮೇಲೆ ಹಾರ್ಪ್, ಹಾರ್ನ್. ಆಮೇಲೆ ಒಂದು ಇಡೀ ಆವರ್ತ ಮೌನ. ಇಷ್ಟು ಬೇಗ ಸುಮ್ಮನಾಗುವ ಧೈರ್ಯ ಯಾರಿಗಿರುತ್ತದೆ ಹೇಳಿ!

ಮುಖ್ಯವಾದದ್ದು ಮುಂದಿದೆ. ಅದೇ ಕೊಳಲಿನ ಸಾಲು ಮತ್ತೆ ಬರುತ್ತದೆ, ಅದೇ ಸ್ವರದಿಂದಲೇ. ಈ ಸಲ ಕೆಳಗೆ ತಂತಿವಾದ್ಯಗಳು ಮೆಲ್ಲಗೆ ನಡುಗುತ್ತಿರುತ್ತವೆ. ಮತ್ತೆ ಬರುತ್ತದೆ, ಕೆಳಗಿನ ಸ್ವರಗಳ ಗುಂಪು (ಒಟ್ಟಿಗೆ ನುಡಿಸುವ ಸ್ವರಗಳು, ಅಂದರೆ ಕಾರ್ಡ್) ಬೇರೆ. ಮತ್ತೆ ಬರುತ್ತದೆ, ಮತ್ತೆ ಬೇರೆ. ರಾಗದ ಸಾಲು ಅದೇ, ಅದರ ಮೇಲೆ ಬಿದ್ದ ಬೆಳಕು ಬೇರೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ನೆನಪಾದದ್ದು ನೀಲಿಯಾಗಿದ್ದ ಆ ನೆರಳು.

ನಿಮಗೆ ದಾರಿ ತಿಳಿಯದ ಹಾಗೆ ಅನ್ನಿಸುವುದಕ್ಕೂ ಇಲ್ಲೇ ಕಾರಣ ಇದೆ. ಅಲ್ಲಿಯವರೆಗಿನ ಯುರೋಪಿನ ಸಂಗೀತದಲ್ಲಿ ಸ್ವರಗಳ ಗುಂಪು ಒಂದನ್ನೊಂದು ಎಳೆಯುತ್ತವೆ. ಒಂದು ಬಂದರೆ ಮುಂದಿನದು ಇಂಥದ್ದೇ ಅಂತ ಕಿವಿ ಕಾಯುತ್ತದೆ, ಕೊನೆಗೆ ಮನೆ ತಲುಪಿದ ನೆಮ್ಮದಿ ಸಿಗುತ್ತದೆ. ಡೆಬ್ಯುಸಿ ಆ ಎಳೆತವನ್ನು ಸಡಿಲ ಮಾಡಿದ. ಒಂದು ಗುಂಪನ್ನು ಅದರ ಬಣ್ಣಕ್ಕಾಗಿಯೇ ಇಟ್ಟ. ಚಿತ್ರಕಾರರು ಗೆರೆ ಬಿಟ್ಟ ಹಾಗೆ ಇವನು ಈ ಎಳೆತವನ್ನು ಬಿಟ್ಟ.

ಮನೆಯಲ್ಲಿ ಕೀಬೋರ್ಡ್ ಇದ್ದರೆ ಇದನ್ನು ಮಾಡಿ. ಸಿ, ಡಿ, ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಇಷ್ಟನ್ನೇ ಹಿಂದೆ ಮುಂದೆ ಬಾರಿಸಿ. ಆರು ಸ್ವರ, ಎಲ್ಲದರ ನಡುವೆ ಒಂದೇ ಅಂತರ. ಪಂಚಮ ಇಲ್ಲ, ಶುದ್ಧ ಮಧ್ಯಮವೂ ಇಲ್ಲ. ಎಲ್ಲಿ ನಿಂತರೂ ಅದೇ ಷಡ್ಜ ಇರಬಹುದು ಅನ್ನಿಸುತ್ತದೆ, ಕಾಲಿಗೆ ನೆಲ ಸಿಗುವುದಿಲ್ಲ. ಕರ್ನಾಟಕ ಸಂಗೀತದಲ್ಲಿ ಇದೇ ಆರು ಸ್ವರಗಳ ಗೋಪ್ರಿಯ ಎಂಬ ಅಪರೂಪದ ರಾಗ ಇದೆ, ಆದರೆ ಅಲ್ಲಿ ತಂಬೂರಿ ಷಡ್ಜವನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಡೆಬ್ಯುಸಿಯ 'ವ್ವಾಲ್' ಎಂಬ ಪುಟ್ಟ ಪಿಯಾನೋ ಕೃತಿ ಹೆಚ್ಚು ಕಡಿಮೆ ಪೂರ್ತಿ ಈ ಸ್ವರಗಳಲ್ಲೇ ಇದೆ. ನಡುವೆ ಆರು ಆವರ್ತ ಮಾತ್ರ ಕೈ ಕಪ್ಪು ಕೀಗಳಿಗೆ ಹಾರುತ್ತದೆ. ಅವು ನಮ್ಮ ಮೋಹನ ರಾಗದ ಐದು ಸ್ವರಗಳು. ತಟ್ಟನೆ ಗಾಳಿ ಬೀಸಿದ ಹಾಗಾಗುತ್ತದೆ. ಮತ್ತೆ ಹಳೆಯ ಮಬ್ಬು. ಕೆಳಗೆ ಒಂದೇ ಸ್ವರ ಹೆಚ್ಚು ಕಡಿಮೆ ಉದ್ದಕ್ಕೂ ಬಿಟ್ಟು ಬಿಟ್ಟು ಬಡಿಯುತ್ತಿರುತ್ತದೆ.

ಐದು ಸ್ವರಗಳ ಬಗ್ಗೆ ಹೇಳುವಾಗ ಒಂದು ವಿಷಯ ಬಿಡಬಾರದು. 1889ರಲ್ಲಿ, ಐಫೆಲ್ ಗೋಪುರ ಕಟ್ಟಿ ಮುಗಿಸಿದ ವರ್ಷದ ಪ್ಯಾರಿಸ್ ಮಹಾಪ್ರದರ್ಶನದಲ್ಲಿ, ಡೆಬ್ಯುಸಿ ಜಾವಾದ ಗಾಮೆಲಾನ್ ವಾದ್ಯಮೇಳ ಕೇಳಿದ. ಕಂಚಿನ ಗಂಟೆಗಳು, ಜಾಗಟೆಗಳು, ಬೇರೆ ಬೇರೆ ವೇಗದಲ್ಲಿ ಒಂದರ ಮೇಲೊಂದು. ಅದು ಅವನಲ್ಲಿ ಆಳವಾಗಿ ಉಳಿಯಿತು. ಮೋನೆಯ ಮನೆಯ ಗೋಡೆಗಳ ತುಂಬಾ ಜಪಾನಿನ ಚಿತ್ರಗಳಿದ್ದವು. ಇಂಪ್ರೆಷನಿಸಂ ಬರೀ ಫ್ರೆಂಚರದ್ದು ಅಂತ ಯಾರಾದರೂ ಅಂದರೆ ನನಗೆ ಒಪ್ಪಿಗೆ ಇಲ್ಲ. ಏಷ್ಯಾದ ಕಣ್ಣು, ಕಿವಿ ಅದರೊಳಗೆ ಸೇರಿಕೊಂಡಿವೆ.

ಇಲ್ಲಿಂದ ಮುಂದೆ ಫ್ರಾನ್ಸಿನದೇ ಸಂಗೀತ ರಚನೆಕಾರ ರವೆಲ್‌ಗೆ ಹೋಗಿ. ಅವನ 'ನೀರಿನಾಟ' 1901ರದ್ದು, ಕಾರಂಜಿಯ ನೀರು ಪಿಯಾನೋದಲ್ಲಿ ಚಿಮ್ಮುವುದು ಕೇಳಿಸುತ್ತದೆ. ಜಾಜ್ ಇಷ್ಟವಿದ್ದರೆ ಬಿಲ್ ಇವಾನ್ಸ್‌ನ ಪಿಯಾನೋ ಕೇಳಿ, ಬಣ್ಣಕ್ಕಾಗಿಯೇ ಇಟ್ಟ ಆ ಸ್ವರಗುಂಪುಗಳು ಅಲ್ಲೂ ಸಿಗುತ್ತವೆ.

ಆದರೆ ಮೊದಲು ಇಷ್ಟು ಮಾಡಿ. ಮೆದೆಯ ನಾಲ್ಕೈದು ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ, ಮೆದೆಯನ್ನಲ್ಲ, ನೆರಳಿನ ಬಣ್ಣವನ್ನು ಮಾತ್ರ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಫಾನ್ ಕೇಳಿ, ಕೊಳಲು ಬಂದಾಗಲೆಲ್ಲ ಅದರ ಕೆಳಗೆ ಏನಿದೆ ಅಂತ ಕಿವಿ ಕೊಡಿ. ಎಷ್ಟು ಸಲ ಬಂತು ಎಣಿಸಿ. 'ವ್ವಾಲ್' ಕೇಳುವಾಗ ಹೆಸರಿನ ಅರ್ಥ ಮೊದಲೇ ಹುಡುಕಬೇಡಿ. ಅದು ಅವನ ಪ್ರಿಲ್ಯೂಡ್‌ಗಳು ಎಂಬ ಪುಟ್ಟ ಪಿಯಾನೋ ಕೃತಿಗಳಲ್ಲಿ ಒಂದು. ಡೆಬ್ಯುಸಿ ಅವುಗಳ ಹೆಸರನ್ನು ಪುಟದ ಮೇಲ್ಭಾಗದಲ್ಲಿ ಹಾಕಲಿಲ್ಲ. ಪ್ರತಿಯೊಂದು ಮುಗಿದ ಮೇಲೆ, ಕೊನೆಯ ಸಾಲಿನ ಕೆಳಗೆ, ಕಂಸದೊಳಗೆ ಮೂರು ಚುಕ್ಕಿ ಇಟ್ಟು ಸಣ್ಣದಾಗಿ ಬರೆದ.