ಸೋಲಾರ್ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ಸರಿಯಾಗಿ ತಿಳಿಯುವುದು ಹೇಗೆ?

ಸಂಜೆ ಪಂಪು ಓಡುವಾಗ ಇನ್ವರ್ಟರಿನ ಪರದೆಯಲ್ಲಿ ಎರಡು ಗೆರೆ ಇರುತ್ತವೆ, ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ಅವು ಮೂರಾಗಿರುತ್ತವೆ, ರಾತ್ರಿಯಲ್ಲಿ ಚಾರ್ಜ್ ಎಲ್ಲಿಂದ ಬಂತು ಎಂದು ನೀವು ಕೇಳಿದ್ದೀರಿ. ನಿಮ್ಮಲ್ಲಿರುವುದು 12 ವೋಲ್ಟ್, 150 ಆಂಪಿಯರ್-ಅವರ್‌ನ ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳು (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ಎರಡೆರಡನ್ನು ಸೀರೀಸ್‌ನಲ್ಲಿ ವೋಲ್ಟೇಜ್ ಕೂಡುವಂತೆ ಜೋಡಿಸಿ, ಆ ಎರಡು ಜೋಡಿಗಳನ್ನು ಸಾಮರ್ಥ್ಯ ಕೂಡುವಂತೆ ಪ್ಯಾರಲಲ್ ಆಗಿ ಸೇರಿಸಿದ 24 ವೋಲ್ಟಿನ ಬ್ಯಾಂಕ್, ಅಂದರೆ ಬ್ಯಾಟರಿಗಳ ಗುಂಪು, ಎಂದು ತಿಳಿಸಿದ್ದೀರಿ.

ಚಾರ್ಜ್ ಎಲ್ಲಿಂದಲೂ ಬಂದಿಲ್ಲ. ಇನ್ವರ್ಟರ್ ಆ ಕ್ಷಣದ ವೋಲ್ಟೇಜನ್ನು ಮಾತ್ರ ನೋಡಿ ಗೆರೆಗಳನ್ನು ಬೆಳಗಿಸುತ್ತದೆ. ಪಂಪು ಹೆಚ್ಚು ಕರೆಂಟ್ ಎಳೆಯುವಾಗ ಬ್ಯಾಟರಿಯ ಒಳಪ್ರತಿರೋಧದಿಂದಾಗಿ ವೋಲ್ಟೇಜ್ ಕುಸಿಯುತ್ತದೆ. ಜೊತೆಗೆ ಪ್ಲೇಟುಗಳ ಹತ್ತಿರದ ಆಮ್ಲ ತೆಳುವಾಗುತ್ತದೆ. ಪಂಪು ನಿಂತ ಮೇಲೆ ಸುತ್ತಲಿನ ಗಟ್ಟಿ ಆಮ್ಲ ನಿಧಾನವಾಗಿ ಪ್ಲೇಟಿನೊಳಗೆ ಇಳಿಯುವುದರಿಂದ ವೋಲ್ಟೇಜ್ ಮತ್ತೆ ಏರುತ್ತದೆ. ಹಗಲಿನಲ್ಲಿ ಇದಕ್ಕೆ ತಿರುಗುಮುರುಗಾದ ಮೋಸ ನಡೆಯುತ್ತದೆ: ಸೋಲಾರ್ ಫಲಕದಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಚಾರ್ಜ್ ಕಂಟ್ರೋಲರ್ ವೋಲ್ಟೇಜನ್ನು 28 ವೋಲ್ಟಿಗೂ ಮೇಲಕ್ಕೆ ಒಯ್ದಾಗ ಎಲ್ಲ ಗೆರೆಗಳೂ ಬೆಳಗುತ್ತವೆ, ಆದರೆ ಬ್ಯಾಟರಿ ತುಂಬಿರಲೇಬೇಕೆಂದಿಲ್ಲ.

ವೋಲ್ಟೇಜ್ ನಿಜ ಹೇಳುವುದು ವಿಶ್ರಾಂತಿಯಲ್ಲಿರುವಾಗ ಮಾತ್ರ. ಸೂರ್ಯೋದಯಕ್ಕೆ ಮೊದಲು, ಸಾಧ್ಯವಾದರೆ ಕೆಲವು ಗಂಟೆಗಳ ಕಾಲ ಎಲ್ಲ ಲೋಡ್ ಆರಿಸಿಟ್ಟು, ಒಳ್ಳೆಯ ಮಲ್ಟಿಮೀಟರಿನಿಂದ ಟರ್ಮಿನಲ್‌ಗಳಲ್ಲೇ ಅಳೆಯಿರಿ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 25.2ರಿಂದ 25.4 ವೋಲ್ಟ್ ಇದ್ದರೆ ತುಂಬಿದೆ ಎಂದೂ, 24.2ರಿಂದ 24.4ರ ನಡುವೆ ಇದ್ದರೆ ಸುಮಾರು ಅರ್ಧಕ್ಕೆ ಬಂದಿದೆ ಎಂದೂ ತಿಳಿಯಬಹುದು. ಮಾದರಿಯಿಂದ ಮಾದರಿಗೆ ತುಸು ವ್ಯತ್ಯಾಸವಿರುವುದರಿಂದ ತಯಾರಕರ ಕೋಷ್ಟಕವನ್ನೇ ಪ್ರಮಾಣವಾಗಿಟ್ಟುಕೊಳ್ಳಿ. ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಬ್ಯಾಟರಿಯ ಆಯಸ್ಸು ವೇಗವಾಗಿ ಕರಗುತ್ತದೆ. ಒಟ್ಟು ವೋಲ್ಟೇಜಿನ ಜೊತೆಗೆ ನಾಲ್ಕೂ ಬ್ಯಾಟರಿಗಳನ್ನು ಬೇರೆಬೇರೆಯಾಗಿಯೂ ಅಳೆಯಿರಿ, ಏಕೆಂದರೆ ಒಂದರಲ್ಲಿ 12.8, ಇನ್ನೊಂದರಲ್ಲಿ 12.3 ಇದ್ದರೂ ಮೊತ್ತ 25.1 ಎಂದು ನೆಮ್ಮದಿಯಾಗಿಯೇ ಕಾಣುತ್ತದೆ.

ಇಡೀ ದಿನದ ಲೆಕ್ಕ ಬೇಕಾದರೆ ಷಂಟ್ ಇರುವ ಬ್ಯಾಟರಿ ಮಾನಿಟರನ್ನು ಹಾಕಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಷಂಟ್ ಎಂಬುದು ಅತ್ಯಲ್ಪ ಪ್ರತಿರೋಧದ ಲೋಹದ ತುಂಡು. 500 ಆಂಪಿಯರಿಗೆ 50 ಮಿಲಿವೋಲ್ಟ್ ಕೊಡುವ ಷಂಟಿನಲ್ಲಿ 30 ಆಂಪಿಯರ್ ಹರಿದರೆ 3 ಮಿಲಿವೋಲ್ಟ್ ಉಂಟಾಗುತ್ತದೆ, ಮೀಟರು ಅದನ್ನು ಓದಿ ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಆಂಪಿಯರ್-ಅವರ್‌ಗಳಲ್ಲಿ ಕೂಡಿ ಕಳೆಯುತ್ತದೆ. ಇದರಲ್ಲಿ ಮುಖ್ಯವಾದ ನಿಯಮ ಒಂದೇ: ಬ್ಯಾಂಕಿನ ನೆಗೆಟಿವ್ ಟರ್ಮಿನಲ್‌ನಿಂದ ಷಂಟಿಗೆ ಹೋಗುವ ವೈರನ್ನು ಬಿಟ್ಟರೆ ಮತ್ತಾವ ವೈರೂ ಆ ಟರ್ಮಿನಲ್ಲಿಗೆ ಸೇರಬಾರದು. ನಾನು ಒಮ್ಮೆ ಅವಸರದಲ್ಲಿ ಒಂದು ಸಣ್ಣ ಡಿಸಿ ಪಂಪಿನ ನೆಗೆಟಿವ್ ವೈರನ್ನು ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದೆ. ಅದು ಎಳೆದ ಕರೆಂಟ್ ಲೆಕ್ಕಕ್ಕೇ ಬರಲಿಲ್ಲ. ಒಂದಿಡೀ ಮಳೆಗಾಲ ಮೀಟರು ಶೇಕಡ 70 ಎನ್ನುತ್ತಿದ್ದಾಗ ಬ್ಯಾಟರಿಗಳು ಅರ್ಧಕ್ಕಿಂತ ಕೆಳಗೇ ಉಳಿದು, ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಂಡಿತು. ಆ ನಷ್ಟದ ನೋವು ನನಗೆ ಇನ್ನೂ ಇದೆ, ಆದ್ದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮಾನಿಟರಿನ ಲೆಕ್ಕವೂ ದಿನಕಳೆದಂತೆ ಜಾರುತ್ತದೆ. ಲೆಡ್ ಆಸಿಡ್ ಬ್ಯಾಟರಿಯಿಂದ 100 ಆಂಪಿಯರ್-ಅವರ್ ತೆಗೆದರೆ ತುಂಬಲು ಅದಕ್ಕಿಂತ ಹೆಚ್ಚು, ಸುಮಾರು 110ರಿಂದ 115ರಷ್ಟು, ಬೇಕಾಗುತ್ತದೆ. ಅಲ್ಲದೆ ಬ್ಯಾಟರಿಯ ಮೇಲೆ ಬರೆದಿರುವ ಸಾಮರ್ಥ್ಯ ಸಾಮಾನ್ಯವಾಗಿ ನಿಧಾನವಾಗಿ, 10 ಅಥವಾ 20 ಗಂಟೆಗಳಲ್ಲಿ, ಖಾಲಿ ಮಾಡಿದಾಗಿನ ಸಂಖ್ಯೆ. ವೇಗವಾಗಿ ಎಳೆದಷ್ಟೂ ಸಿಗುವುದು ಕಡಿಮೆ ಎಂಬುದನ್ನು ಜರ್ಮನ್ ವಿಜ್ಞಾನಿ ಪಾಯ್ಕರ್ಟ್ 1897ರಲ್ಲೇ ಸೂತ್ರವಾಗಿ ಕೊಟ್ಟಿದ್ದಾರೆ. ಹೀಗಾಗಿ ಬ್ಯಾಂಕ್ ನಿಜಕ್ಕೂ ತುಂಬಿದಾಗ ಮೀಟರು ತಾನೇ ಶೇಕಡ 100ಕ್ಕೆ ಮರಳುವಂತೆ ಹೊಂದಿಸಬೇಕು. ನಿಮ್ಮ ಕಂಟ್ರೋಲರ್ 28.8 ವೋಲ್ಟಿನವರೆಗೆ ಚಾರ್ಜ್ ಮಾಡುವುದಾದರೆ, 28.4 ದಾಟಿರಬೇಕು ಮತ್ತು ಕರೆಂಟ್ ನಿಮ್ಮ 300 ಆಂಪಿಯರ್-ಅವರ್‌ನ ಶೇಕಡ 2, ಅಂದರೆ 6 ಆಂಪಿಯರಿಗೆ ಇಳಿದು ಕೆಲವು ನಿಮಿಷ ಹಾಗೆಯೇ ನಿಂತಿರಬೇಕು ಎಂಬ ಎರಡು ಷರತ್ತುಗಳನ್ನು ಒಟ್ಟಿಗೆ ಇಡಬಹುದು. ವೋಲ್ಟೇಜಿನ ಮಿತಿಯನ್ನು ತೀರ ಕೆಳಗಿಟ್ಟರೆ, ಮೋಡ ಮುಸುಕಿ ಕರೆಂಟ್ ಇಳಿದದ್ದನ್ನೇ ಮೀಟರು ‘ತುಂಬಿತು’ ಎಂದು ತಪ್ಪಾಗಿ ತಿಳಿಯುತ್ತದೆ.

ನಿಮ್ಮ ಬ್ಯಾಟರಿಗಳಲ್ಲಿ ನೀರು ಹಾಕುವ ಮುಚ್ಚಳಗಳಿದ್ದರೆ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿಗಿಂತ ನಂಬಿಕೆಯ ಸಾಕ್ಷಿ ಬೇರೆ ಇಲ್ಲ. ತುಂಬಿದ ಸೆಲ್ಲಿನಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.265ರ ಆಸುಪಾಸು, ಅರ್ಧಕ್ಕೆ ಇಳಿದಾಗ 1.190ರ ಹತ್ತಿರ ಇರುತ್ತದೆ. ಕೆಲವು ಟ್ಯೂಬ್ಯುಲರ್ (ಕೊಳವೆಯಾಕಾರದ ಪಾಸಿಟಿವ್ ಪ್ಲೇಟುಗಳಿರುವ) ಬ್ಯಾಟರಿಗಳಲ್ಲಿ ತುಂಬಿದಾಗಿನ ಸಂಖ್ಯೆ ಇದಕ್ಕಿಂತ ಕಡಿಮೆ. ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಅಳೆಯಬೇಡಿ, ನೀರು ಮೇಲೆಯೇ ನಿಂತಿರುತ್ತದೆ. ಕನ್ನಡಕ, ಕೈಗವಸು ಧರಿಸಿ, ಹತ್ತಿರ ಕಿಡಿ ಬಾರದಂತೆ ನೋಡಿಕೊಳ್ಳಿ, ಏಕೆಂದರೆ ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ. ಬ್ಯಾಟರಿಗೆ ಆರರಂತೆ ಒಟ್ಟು 24 ಸೆಲ್ಲುಗಳ ಅಳತೆಯನ್ನೂ ಬರೆದಿಡಿ. ಯಾವುದೋ ಒಂದು ಸೆಲ್ ಉಳಿದವಕ್ಕಿಂತ 0.030ರಷ್ಟು ಹಿಂದೆ ಬಿದ್ದಿದ್ದರೆ, ಮಾನಿಟರು ಏನೇ ಹೇಳಲಿ, ಈಕ್ವಲೈಸೇಷನ್ ಚಾರ್ಜ್, ಅಂದರೆ ಎಲ್ಲ ಸೆಲ್ಲುಗಳನ್ನೂ ಸಮಕ್ಕೆ ತರಲು ಬೇಕೆಂದೇ ಕೊಡುವ ಹೆಚ್ಚುವರಿ ಚಾರ್ಜ್, ಬೇಕಾಗಿದೆ.

ಮುಂದೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬದಲಾಯಿಸಿದರೆ ವೋಲ್ಟೇಜಿನ ಕೋಷ್ಟಕವನ್ನು ಬದಿಗಿಡಿ. ಶೇಕಡ 20ರಿಂದ 80ರವರೆಗೆ ಅದರ ವೋಲ್ಟೇಜ್ ಬಹುತೇಕ ಚಪ್ಪಟೆ, ಅಲ್ಲಿ ಷಂಟಿನ ಲೆಕ್ಕವೇ ಆಧಾರ. ಸದ್ಯಕ್ಕೆ ಮಾನಿಟರ್ ಬರುವ ತನಕ, ಒಂದು ವಾರ ದಿನವೂ ಮುಂಜಾನೆ ಅದೇ ಹೊತ್ತಿಗೆ ನಾಲ್ಕೂ ಬ್ಯಾಟರಿಗಳ ವೋಲ್ಟೇಜನ್ನು ಗುರುತಿಸಿಟ್ಟುಕೊಂಡು ಇಲ್ಲಿ ಬರೆಯಿರಿ, ಯಾವುದಾದರೂ ಒಂದು ಹಿಂದೆ ಬೀಳುತ್ತಿದೆಯೇ ಎಂದು ಒಟ್ಟಿಗೆ ನೋಡೋಣ.